ಅತ್ತೆ ಹಂಚಿದ ಓಟು

ಮತದಾನದ ಹಿಂದಿನ ದಿನ ನಮ್ಮತ್ತೆ ಮುದ್ದೆಯ ಜೊತೆಗೆ ಓಟನ್ನೂ ಹಂಚುತ್ತಿದ್ದರು. ತಟ್ಟೆಗೆ ಮುದ್ದೆ ಇಕ್ಕುತ್ತಾ ದೊಡ್ಡ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, ಒಂದು ಪಕ್ಷ ಹೇಳುವರು. ನನ್ನ ಮೈದುನನಿಗೆ ಇನ್ನೊಂದು, ನನಗೆ ಮೂರನೆಯದು. "ಯಾರ್ ಗೆದ್ರೂ ಒಂದ್ ಬಾಗ್ಲು ನಮ್ಗೆ ತಗ್ದಿರ್ಬೇಕು" ಎನ್ನುವುದು ಅವರ ಲೆಕ್ಕ. ತಮ್ಮ ಓಟು ಯಾರಿಗೆ ಅಂತ ಮಾತ್ರ ಅವರು ಬಾಯಿ ಬಿಟ್ಟವರಲ್ಲ.

ಬೇತಮಂಗಲದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೊದಲ ಚುನಾವಣೆಯಲ್ಲಿ ಆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೆ. ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ. ಅಪ್ಪ ಗಣಿಯೊಳಗೆ ಇಳಿದು ದುಡಿದವರು, ಯೂನಿಯನ್‌ನವರ ಪಕ್ಷ ಬಿಟ್ಟು ಬೇರೆ ಯಾರಿಗೂ ಓಟು ಹಾಕಿದವರಲ್ಲ. ಗಣಿ ಮುಚ್ಚಿದ ಮೇಲೂ ಹಾಕಿದರು, ಠೇವಣಿ ಹೋಗುತ್ತದೆ ಅಂತ ಗೊತ್ತಿದ್ದೂ ಹಾಕಿದರು. ಬೇರೆ ಪಕ್ಷದವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಗಣಿ ಮತ್ತೆ ತೆಗೆಸುತ್ತೇವೆ ಅಂತ ಕೂಗುತ್ತಾ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ 'ಕಣ್ಣು' ಅಂತ, ತಮಿಳಿನವರ ಹಾಗೆ. "ಸೋತ್ರೆ ಸೋಲ್ಲಿ ಕಣ್ಣು, ನಿನ್ ಓಟು ನಿಂದಾಗಿರ್ಬೇಕು" ಅನ್ನುತ್ತಿದ್ದರು.

ಅಂಥವರ ಮಗಳ ಪಾಲಿಗೆ ಬಂದದ್ದು ಅವರಿಗೆ ಕಂಡರಾಗದ ಪಕ್ಷ. ಅಸೆಂಬ್ಲಿಯಿರಲಿ, ಪಾರ್ಲಿಮೆಂಟಿರಲಿ, ಇಷ್ಟು ವರ್ಷವೂ ನಾನು ಅದೇ ಗುಂಡಿ ಒತ್ತಿದೆ. ಯಾಕೆ ಒತ್ತಿದೆ ಅಂದರೆ, ಅವರು ಗೆದ್ದಾಗ ಅವರ ಬಾಗಿಲಿಗೆ ಹೋಗಬೇಕಾದವಳು ನಾನೇ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೇ ಚಾಡಿ ಹೇಳಿಬಿಡುತ್ತದೆ. ಒಂದು ಸಲ ಬೇಸಿಗೆಯಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಬೋರ್‌ವೆಲ್ಲೆಲ್ಲಾ ನಿಂತಿತ್ತು. ಆ ಸಲ ಗೆದ್ದಿದ್ದ ಅದೇ ಪಕ್ಷದ ಎಮ್ಮೆಲ್ಲೆ ಮನೆಗೆ ಅತ್ತೆ ನನ್ನನ್ನೇ ಕಳಿಸಿದರು. "ನಿಮ್ಗೇ ಸಾರ್ ಆಕಿದ್ದು" ಅಂದೆ. ನಿಜವನ್ನೇ ಹೇಳಿದ್ದರಿಂದ ತಲೆ ಎತ್ತಿಕೊಂಡೇ ಹೇಳಿದೆ. ಕೆಲಸವೂ ಆಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ಅಪ್ಪನ ನೆನಪಾಗಿ ಅಳು ಬಂತು.

ಚುನಾವಣೆ ಬಂತೆಂದರೆ ಟೀವಿಯವರು ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಕಾಯುವವರ ಬಾಯಿಗೆ ಮೈಕು ಹಿಡಿಯುತ್ತಾರೆ. ತಮಿಳು ಮಾತಾಡುವವರು ಆ ಕಡೆಯಂತೆ, ತೆಲುಗಿನವರು ಈ ಕಡೆಯಂತೆ, ಡೇರಿಗೆ ಹಾಲು ಹಾಕುವವರು ಇನ್ನೊಂದು ಕಡೆಯಂತೆ. ನಮ್ಮ ಮನೆಗೆ ಬಂದಿದ್ದರೆ ಮೂರೂ ಕಡೆ ಒಂದೇ ಒಲೆಯ ಮುಂದೆ ಸಿಗುತ್ತಿತ್ತು. ನನಗಂತೂ ಇದೆಲ್ಲ ಸಾಕಾಗಿಹೋಗಿತ್ತು. ಯಾರು ಗೆಲ್ಲಲಿ ಬಿಡಲಿ, ಒಂದೇ ಒಂದು ಸಲ ಅಪ್ಪನ ಗುರುತಿಗೆ ಒತ್ತಿ ಬರಬೇಕು ಅನ್ನುವ ಆಸೆ ಉಳಿದಿತ್ತು.

ಈ ಸಲ ಅತ್ತೆ ಹಾಸಿಗೆ ಹಿಡಿದಿದ್ದರು. ಎಂಬತ್ತೈದು ದಾಟಿದವರಿಗೆ ಮನೆಯಲ್ಲೇ ಓಟು ಅಂತ, ಮತದಾನಕ್ಕೆ ಇನ್ನೂ ಕೆಲವು ದಿನ ಇರುವಾಗಲೇ, ಅಧಿಕಾರಿಗಳು ರಟ್ಟಿನ ಮರೆ ಹಿಡಿದುಕೊಂಡು ಬಂದರು. ನಮ್ಮನ್ನೆಲ್ಲ ಅಂಗಳಕ್ಕೆ ಕಳಿಸಿ, ಓಟು ಹಾಕಿಸಿಕೊಂಡು ಹೋದರು. ಒಳಗೆ ಬಂದು ನಾನು ಅಭ್ಯಾಸಬಲದಿಂದ ಕೇಳಿದೆ, "ನಾವ್ ಯಾರ್ಯಾರ್ಗೆ ಆಕೋದು ಅತ್ತೆ?"

"ನಿಮ್ಮಿಷ್ಟ ಕಣೇ. ನಂಗಿನ್ನ ಯೇಳಕ್ಕೆ ಶಕ್ತಿ ಇಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಈಗ ನಮ್ಮಿಷ್ಟಾನಾ? ಇಷ್ಟ್ ವರ್ಷ ನೀವೇಳಿದ್ದೋರ್ಗೇ ಆಕ್ಕೊಂಡ್ ಬಂದ್ನಲ್ಲ ಅತ್ತೆ! ಒಂದ್ ಸಲ ಆದ್ರೂ ನನ್ ಓಟು ನಂಗ್ ಬಿಟ್ರಾ?"

ಅತ್ತೆ ದಿಂಬಿನಿಂದ ತಲೆ ಎತ್ತಿ ನನ್ನನ್ನೇ ನೋಡಿದರು. "ಅಯ್ಯೋ, ನೀನ್ ನಿಜವಾಗ್ಲೂ ನಾನೇಳ್ದೋರ್ಗೇ ಆಕ್ತಿದ್ದಾ?"

ಬಾಗಿಲಲ್ಲಿದ್ದ ಯಜಮಾನರು ನಗತೊಡಗಿದರು. ಅವರು ಒಂದು ಸಲವೂ ಅಮ್ಮ ಹೇಳಿದವರಿಗೆ ಹಾಕಿರಲಿಲ್ಲವಂತೆ. ಮೈದುನನೂ ಅಷ್ಟೇ ಅಂತೆ.

"ಕೇಳ್ದೋರ್ಗೆ ಯೇಳ್ಕೊಳ್ಳಾಕೆ ಅಂತ ಅಂಚಿದ್ದು ಕಣೇ" ಅಂದರು ಅತ್ತೆ. "ಬಾಯಿಗ್ ಯೇಳ್ದೆ. ಬೆರಳ್ಗೆ ಯೇಳಿದ್ನಾ?"

ನಗಲೋ ಅಳಲೋ ತಿಳಿಯಲಿಲ್ಲ. ಎಮ್ಮೆಗೆ ನೀರು ತೋರಿಸುವ ನೆಪ ಮಾಡಿ ಹಿತ್ತಲಿಗೆ ಹೋದೆ.

ಮತದಾನದ ದಿನ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಶಾಲೆಯ ಬೂತಿಗೆ ಹೋದೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮರೆಯ ಹಿಂದೆ ನಿಂತೆ. ಅಪ್ಪನ ಗುರುತನ್ನು ಮೇಲಿನಿಂದ ಹುಡುಕಿದೆ. ಕೆಳಗಿನಿಂದ ಹುಡುಕಿದೆ. ಇರಲಿಲ್ಲ. ಯಾರ್ಯಾರೋ ಪಕ್ಷೇತರರ ಗುರುತುಗಳಿದ್ದವು, ಅಪ್ಪನದು ಇರಲಿಲ್ಲ. ಯಾವ ಚುನಾವಣೆಯಿಂದ ಅದು ಇಲ್ಲವಾಯಿತೋ ನನಗೆ ಗೊತ್ತಿಲ್ಲ. ಇಷ್ಟು ವರ್ಷ ನಾನು ಅಲ್ಲಿ ನೋಡಿದ್ದು ಅತ್ತೆ ಹೇಳಿದ ಗುರುತೊಂದನ್ನೇ.

"ಬೇಗ ಒತ್ತೀಮ್ಮಾ, ಕ್ಯೂ ಐತೆ" ಅಂತ ಆಚೆಯಿಂದ ಕೂಗಿದರು. ಬೆರಳು ತನ್ನ ಪಾಡಿಗೆ ತಾನು ಹಳೆಯ ಗುರುತಿನ ಗುಂಡಿಗೇ ಹೋಯಿತು.

ಮನೆಗೆ ಬಂದರೆ ಅತ್ತೆ ಕಾಯುತ್ತಿದ್ದರು. ಶಾಯಿಯ ಬೆರಳನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದರು, "ನಿನ್ನಿಷ್ಟದೋರ್ಗೇ ಆಕ್ದಾ?"

"ಊಂ ಅತ್ತೆ" ಅಂದೆ. ಅವರು ನಂಬಿದರು. ಓಟಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.