ಇಂದುಮತಿ ಆಂಟಿಯ ತಪ್ಪಿನ ಲೆಕ್ಕ

ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿ, ಅಲ್ಲಿ ನಿಂತು, ಬಂದದ್ದೇಕೆಂದು ಮರೆತು ತಲೆ ಕೆರೆದುಕೊಂಡ ಅನುಭವ ನಿಮಗೂ ಆಗಿರಬಹುದು. ಆದರೆ ಅದನ್ನು ದಿನಚರಿಯಲ್ಲಿ ಗೆರೆ ಎಳೆದು ಲೆಕ್ಕವಿಡುವವಳು ಇಡೀ ಇಟ್ಟಮಡುವಿನಲ್ಲಿ ನಾನೊಬ್ಬಳೇ ಎಂದು ನನ್ನ ನಂಬಿಕೆ. ಹೋದ ತಿಂಗಳು ಅಡುಗೆಮನೆಯಲ್ಲಿ ಹದಿನಾಲ್ಕು ಸಲ, ಬೀರುವಿನ ಮುಂದೆ ಐದು ಸಲ, ದೇವರಮನೆಯಲ್ಲಿ ಒಂದು ಸಲ. ಕೊನೆಯದನ್ನು ಮರೆವು ಎನ್ನಬೇಕೋ ವೈರಾಗ್ಯ ಎನ್ನಬೇಕೋ ತಿಳಿಯದೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಇಂಥವಳನ್ನು ಮಹಡಿಮನೆಯ ಇಂದುಮತಿ ಆಂಟಿ ‘ಚಿತ್ರಗುಪ್ತಿ’ ಎಂದು ಕರೆದರೆ ಆಕ್ಷೇಪಿಸುವುದು ಹೇಗೆ?

ಆಂಟಿಯ ಹೆಸರು ತಿಳಿಯದವರಿಗೂ ಮುಖ ಗೊತ್ತು. ಹರೆಯದಿಂದ ಇಪ್ಪತ್ತು ವರ್ಷ ಹವ್ಯಾಸಿ ತಂಡವೊಂದರಲ್ಲಿ ನಾಟಕವಾಡಿದವರು ಕಳೆದ ಹನ್ನೊಂದು ವರ್ಷಗಳಿಂದ ಧಾರಾವಾಹಿಗಳಲ್ಲಿ ಅತ್ತೆಯಾಗಿದ್ದಾರೆ. ಎಡಗಣ್ಣಿನಲ್ಲಿ ಮಾತ್ರ ನೀರು ತರಿಸುವ ವಿದ್ಯೆ ಅವರಿಗೆ ಸಿದ್ಧಿಸಿದೆ. ಕ್ಯಾಮೆರಾ ಆಚೆಗೆ ಸರಿದರೆ ಬಲಗಣ್ಣೂ ಅಷ್ಟೇ ವಿಧೇಯ. ಈ ಪ್ರತಿಭೆಗೆ ಬೀದಿಯಲ್ಲಿ ಸಿಗುವ ಪುರಸ್ಕಾರ ಮಾತ್ರ ಬೇರೆ ಬಗೆಯದು. “ಆ ಪಾಪದ ಸೊಸೇನ ಅಷ್ಟೊಂದು ಗೋಳು ಹುಯ್ಕೋತೀರಲ್ಲ ಮೇಡಂ, ಇವತ್ತು ನಿಮಗೆ ಕೊತ್ತಂಬರಿ ಇಲ್ಲ, ಹೋಗಿ” ಎಂದು ಸೊಪ್ಪಿನ ಗಾಡಿಯ ನಿಂಗಮ್ಮ ಒಮ್ಮೆ ನಿಜವಾಗಿಯೂ ಕಟ್ಟನ್ನು ಹಿಂದಕ್ಕೆಳೆದುಕೊಂಡಿದ್ದಳು. ಆಂಟಿ ಅಂದು ಮೆಂತ್ಯದಲ್ಲೇ ಸಾರು ಮಾಡಿದರು, ಮತ್ತು ಅದನ್ನು ಪ್ರಶಸ್ತಿಯೆಂದೇ ಎಣಿಸಿ ನಮಗೂ ಒಂದು ಬಟ್ಟಲು ಕಳಿಸಿದರು.

ಈ ವರ್ಷ ಅವರ ಹಳೆಯ ತಂಡ ಮತ್ತೆ ನಾಟಕ ಕಟ್ಟಲು ಹೊರಟು, ಅದರ ಮುದುಕಿಯ ಪಾತ್ರಕ್ಕೆ ಅವರನ್ನೇ ಕರೆಯಿತು. ಒಪ್ಪಿಕೊಂಡ ಮೂರನೆಯ ದಿನ, ನಾನು ಬಿ.ಟಿ.ಎಂ. ಲೇಔಟಿನ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಮೆಟ್ಟಿಲ ಮೇಲೆ ಕುಳಿತಿದ್ದ ಆಂಟಿ ಮೆಲ್ಲಗೆ ಹೇಳಿದರು: “ಹನ್ನೊಂದು ವರ್ಷದಿಂದ ಒಂದು ಸಾಲೂ ಬಾಯಿಪಾಠ ಮಾಡಿಲ್ಲ ಕಣೇ. ಆಗುತ್ತೋ ಇಲ್ವೋ ಅಂತ ಭಯ.”

ಧಾರಾವಾಹಿಯಲ್ಲಿ ಸಂಭಾಷಣೆ ಕೈಗೆ ಬರುವುದೇ ಆ ದಿನ ಬೆಳಿಗ್ಗೆಯಂತೆ. ಕ್ಯಾಮೆರಾದ ಪಕ್ಕದಲ್ಲಿ ನಿಂತವರೊಬ್ಬರು ಒಂದೊಂದೇ ಸಾಲು ಓದಿಹೇಳುತ್ತಾರೆ, ನಟರು ಅದಕ್ಕೆ ಕೋಪವನ್ನೋ ಕಣ್ಣೀರನ್ನೋ ಬೆರೆಸಿ ಮರಳಿಸುತ್ತಾರೆ. ರಂಗದ ಮೇಲೆ ಈ ಸೌಕರ್ಯವಿಲ್ಲ. ಮುದುಕಿಗಿದ್ದದ್ದು ಮೂರು ಪುಟಗಳ ಒಂದೇ ಮಾತು. ತಂಡದವರಲ್ಲಿ ಹೇಳಿಕೊಂಡರೆ ‘ಟಿವಿಗೆ ಹೋಗಿ ಕೆಟ್ಟಳು’ ಎಂದಾರು. ತಡವರಿಸಿದರೆ ಆ ಪಾತ್ರಕ್ಕೆ ಇನ್ನೊಬ್ಬರು ಸಿದ್ಧರಾಗಿಯೇ ಇದ್ದರು. ಹಾಗಾಗಿ ದಿನವೂ ಸಂಜೆ ತಾರಸಿಯ ಮೇಲೆ ಪುಸ್ತಕ ಹಿಡಿದು ಕುಳಿತು ತಪ್ಪು ಎಣಿಸುವ ಹುದ್ದೆ, ಅನುಭವದ ಆಧಾರದ ಮೇಲೆ, ನನಗೆ ಒಲಿಯಿತು.

ಮೊದಲ ದಿನ ನಲವತ್ತೊಂದು ತಪ್ಪು. ಎರಡನೆಯ ದಿನ ಇಪ್ಪತ್ತಾರು, ಐದನೆಯ ದಿನ ಒಂಬತ್ತು, ವಾರ ತುಂಬುವಾಗ ಎರಡೇ ಎರಡು. ನನ್ನ ದಿನಚರಿಯ ಇತಿಹಾಸದಲ್ಲಿ ಇಷ್ಟು ಸುಂದರವಾದ ಇಳಿಜಾರು ಹಿಂದೆಂದೂ ಮೂಡಿರಲಿಲ್ಲ. ಕೆಂಪು ಶಾಯಿಯಲ್ಲಿ ರೇಖೆ ಎಳೆದು ತೋರಿಸಿದೆ. ಇಬ್ಬರೂ ಮಸಾಲೆದೋಸೆ ತಿಂದೆವು. ಮರುದಿನ ತಾಲೀಮಿನಿಂದ ಮರಳಿದ ಆಂಟಿಯ ಮುಖ ನೋಡಲಾಗಲಿಲ್ಲ. ಅಲ್ಲಿ ನಾಲ್ಕನೆಯ ಸಾಲಿಗೇ ನಿಂತುಹೋದರಂತೆ. ನಿರ್ದೇಶಕರು ಬೈಯಲಿಲ್ಲ; “ಸುಸ್ತಾಗಿದ್ರೆ ಹೇಳಿ ಇಂದುಮತಿ, ಮುಂದಿನ ಸೋಮವಾರ ನೋಡಿ ತೀರ್ಮಾನ ಮಾಡೋಣ” ಎಂದರಂತೆ. ಬೈದಿದ್ದರೇ ಚೆನ್ನಾಗಿತ್ತು.

ಇದರ ರಹಸ್ಯ ಬಯಲಾದದ್ದು ನನ್ನ ಅಮ್ಮನಿಂದ. ಬಟ್ಟೆ ತೆಗೆಯಲು ತಾರಸಿಗೆ ಬಂದವಳು ಐದು ನಿಮಿಷ ನಮ್ಮನ್ನು ನೋಡಿ, “ಅಲ್ವೇ, ಓದುವಾಗ ಹಸು ಮೆಲುಕು ಹಾಕ್ದಂಗೆ ಬಾಯಾಡಿಸ್ತೀಯಲ್ಲ, ಅವರು ನಿನ್ನ ತುಟಿನೇ ನೋಡ್ತಾ ಇದಾರೆ!” ಎಂದಳು. ಆಂಟಿ ನಾಚಿದರು, ನಾನು ಅದಕ್ಕಿಂತ ಹೆಚ್ಚು ನಾಚಿದೆ. ಇಳಿಯುತ್ತಿದ್ದದ್ದು ಅವರ ತಪ್ಪಿನ ಸಂಖ್ಯೆಯಲ್ಲ, ಏರುತ್ತಿದ್ದದ್ದು ನನ್ನ ತುಟಿ ಓದುವ ಅವರ ಕೌಶಲ. ಅರಿವಿಲ್ಲದೆ ನಾನೇ ಕ್ಯಾಮೆರಾದ ಪಕ್ಕ ನಿಂತುಬಿಟ್ಟಿದ್ದೆ.

ಅಂದಿನಿಂದ ನಾನು ಅವರಿಗೆ ಬೆನ್ನು ಹಾಕಿ, ನೀರಿನ ಟ್ಯಾಂಕಿನ ಕಡೆ ಮುಖಮಾಡಿ ಕುಳಿತೆ. ತಪ್ಪು ಮತ್ತೆ ಮೂವತ್ತೆಂಟಕ್ಕೆ ಜಿಗಿಯಿತು. ಸೋಮವಾರಕ್ಕೆ ಉಳಿದಿದ್ದವು ಆರೇ ದಿನ. ಎರಡನೆಯ ಸಂಜೆ ಬೇಸತ್ತು ಆಂಟಿ ಪುಸ್ತಕದ ಗೊಡವೆ ಬಿಟ್ಟು ಅತ್ತಿಂದಿತ್ತ ನಡೆಯತೊಡಗಿದರು. ಬಟ್ಟೆ ಒಣಹಾಕುವ ತಂತಿಯ ತನಕ ಹೋಗಿ ಒಂದು ಮಾತು, ತುಳಸಿಕುಂಡದ ಬಳಿ ತಿರುಗಿ ಒಂದು ಮಾತು. ಮರೆತಲ್ಲಿ ನಿಲ್ಲದೆ ಎರಡು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಹೊರಡುವರು. ಮಾತು ದಾರಿಯಲ್ಲೇ ಕಾದಿದ್ದಂತೆ ಸಿಕ್ಕಿಬಿಡುವುದು.

“ಮಾತು ಬಾಯಲ್ಲಿರೋದಲ್ಲ ಕಣೇ ಚಿತ್ರಗುಪ್ತಿ, ಕಾಲಲ್ಲಿರುತ್ತೆ. ಸೀರಿಯಲ್‌ನಲ್ಲಿ ಹನ್ನೊಂದು ವರ್ಷ ಗುರುತು ಹಾಕಿದ ಕಡೆ ನಿಂತೇ ಅಳ್ತಿದ್ದೆ ನೋಡು, ಕಾಲಿಗೆ ಮರೆತೇಹೋಗಿತ್ತು” ಎಂದು ಅವರು ನಕ್ಕಾಗ ನಾನು ತಿರುಗಿ ನೋಡಿದೆ. ನಿಯಮಭಂಗ, ಅದನ್ನೂ ದಿನಚರಿಯಲ್ಲಿ ನಮೂದಿಸಿದ್ದೇನೆ. ಸೋಮವಾರ ನಿರ್ದೇಶಕರು ತೀರ್ಮಾನದ ಮಾತನ್ನೇ ಎತ್ತಲಿಲ್ಲ.

ಪ್ರದರ್ಶನದ ದಿನ ಜೆ.ಪಿ. ನಗರದ ರಂಗಮಂದಿರದ ಏಳನೆಯ ಸಾಲಿನಲ್ಲಿ, ತುಟಿ ಅಲುಗದಂತೆ ಕರವಸ್ತ್ರ ಒತ್ತಿಹಿಡಿದು ಕುಳಿತೆ. ಎರಡನೆಯ ಪುಟದ ನಡುವೆ ಮುದುಕಿ ನಿಂತಳು. ಒಂದು, ಎರಡು, ಮೂರು ಎಂದು ಎಣಿಸಿದೆ. ಏಳಕ್ಕೆ ಬಂದಾಗ ನನ್ನ ಬಾಯಿ ತೆರೆಯುವುದರಲ್ಲಿತ್ತು. ಆಗ ಆಂಟಿ ಅವಸರವಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದು, ಮರದ ಪೆಟ್ಟಿಗೆಯನ್ನು ಮುಟ್ಟಿ, ಮತ್ತೆ ಹೊರಟರು. ಮಾತು ಬಂತು. ಸಭೆ ಅದನ್ನು ಮುದುಕಿಯ ಆಯಾಸವೆಂದೇ ತಿಳಿದು ಇನ್ನಷ್ಟು ಸ್ತಬ್ಧವಾಯಿತು. ಪಕ್ಕದಲ್ಲಿದ್ದ ಅಮ್ಮ ಎರಡೂ ಕಣ್ಣು ಒರೆಸಿಕೊಂಡಳು.

“ಎಷ್ಟು ಬರ್ಕೊಂಡೆ?” ಎಂದರು ಆಂಟಿ, ನಾಟಕ ಮುಗಿದ ಮೇಲೆ ಬಣ್ಣ ಒರೆಸುತ್ತಾ.

“ಒಂದು... ಅಲ್ಲ ಆಂಟಿ, ಗೊತ್ತಾಗ್ತಿಲ್ಲ.”

“ಗೊತ್ತಾಗದೆ ಇದ್ರೆ ಬರೀಬೇಡ ಬಿಡು.”

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದವಳು ಎಂದಿನಂತೆ ಬಂದದ್ದೇಕೆಂದು ಮರೆತು ನಿಂತೆ. ಗೆರೆ ಎಳೆಯಲು ಪೆನ್ನು ಹುಡುಕಲಿಲ್ಲ. ನಾನು ಎದ್ದುಬಂದಿದ್ದ ಕುರ್ಚಿಯವರೆಗೂ ಹಿಂದಕ್ಕೆ ನಡೆದು, ಅದನ್ನು ಮುಟ್ಟಿ, ಮತ್ತೆ ಬಂದೆ. ನೆನಪಾಯಿತು: ಒಲೆ ಆರಿಸಬೇಕಿತ್ತು. ಅಷ್ಟರಲ್ಲಿ ಹಾಲು ಕಟ್ಟೆಯ ಮೇಲೆಲ್ಲ ಹರಿದು ಅಮ್ಮನ ಅರ್ಚನೆ ಶುರುವಾಗಿತ್ತು. ಆ ದಿನದ ಪುಟದಲ್ಲಿ ಹೀಗಿದೆ: ಹಾಲು, ಅರ್ಧ ಲೀಟರ್ ನಷ್ಟ; ಮರೆವು, ಸೊನ್ನೆ.