ಮಗುವಿನ ಬದಲು ಶಾಲೆಗೆ ಹೋದ ಕಾಕಾ

ಪುಟ್ಟೀ, ತಮ್ಮಾ, ದೀಪಾವಳಿ ರಜೆಯಲ್ಲಿ ನೀವು ಟಿವಿಯಲ್ಲಿ ಹಾಕಿದ ಆ ಹಳೆಯ ನಗೆ ಸಿನಿಮಾವನ್ನು ನಾನೂ ಪೂರ್ತಿ ನೋಡಿದೆ. ತಿಕ್ಕಲು ಮುದುಕನೊಬ್ಬ ನೆಂಟರ ತಬ್ಬಲಿ ಮಗುವನ್ನು ಸಾಕುತ್ತಾನೆ. ಆ ಮಗುವಿಗೆ ಒಂದು ದಿನವೂ ಜ್ವರ ಬರುವುದಿಲ್ಲ, ತಲೆಯಲ್ಲಿ ಹೇನಾಗುವುದಿಲ್ಲ. ಒಂದು ಹಾಡು ಮುಗಿಯುವುದರೊಳಗೆ ಕಾಲೇಜಿಗೆ ಹೋಗುವಷ್ಟು ದೊಡ್ಡದಾಗುತ್ತದೆ. ಅದರ ಅಂಗಿ ಒಗೆದವರು ಯಾರು ಎಂಬುದು ಸಿನಿಮಾ ತೆಗೆದವರಿಗೆ ಹೊಳೆದೇ ಇಲ್ಲ. ನೀವು ಬಿದ್ದು ಬಿದ್ದು ನಕ್ಕಿರಿ. ನಿಮ್ಮ ಅವ್ವ, "ಥೇಟ್ ನಮ್ಮ ಹುಬ್ಬಳ್ಳಿ ಅಜ್ಜ ನೋಡ್ರಿ," ಎಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಎದುರಿಗೆ ಮಾತಾಡುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಅಜ್ಜ ನನ್ನ ಕಾಕಾ, ಅಪ್ಪನ ತಮ್ಮ. ಮದುವೆಯಾಗದೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಪಾರಿವಾಳ ಸಾಕಿಕೊಂಡಿದ್ದ. ಬೇಸಿಗೆಯಲ್ಲೂ ಕೋಟು ಹಾಕುತ್ತಿದ್ದ. ಓಣಿಯವರು ಅದನ್ನೇ ದೊಡ್ಡ ಬುದ್ಧಿವಂತಿಕೆ ಎಂದುಕೊಂಡಿದ್ದರು. ನನ್ನ ಗಂಡ, ನಿಮ್ಮ ತಾತ, ತೀರಿಕೊಂಡಾಗ ನಿಮ್ಮ ಅವ್ವನಿಗೆ ಆರು ವರ್ಷ. ನಾನು ನಮ್ಮೂರು ಗರಗದಲ್ಲಿ ಖಾದಿ ನೂಲು ತೆಗೆಯುತ್ತಿದ್ದೆ.

"ಹುಡುಗೀನ್ನ ನನ್ನ ಹತ್ರ ಬಿಡು. ಶಹರದ ಸಾಲಿ ಕಲಿಸ್ತೇನಿ," ಎಂದ ಕಾಕಾ.

ನಾನು ಹಳ್ಳಿಯಲ್ಲಿ ಏಳನೆಯ ಇಯತ್ತೆಗೇ ಓದು ಬಿಟ್ಟವಳು. ಅವಳಾದರೂ ಮುಂದೆ ಓದಲಿ ಎಂಬ ಒಂದೇ ಆಸೆಗೆ ಬಿಟ್ಟುಬಂದೆ. ರವಿವಾರಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು ಹೋಗಿ ಬರುತ್ತಿದ್ದೆ. ಮೂರನೆಯ ತಿಂಗಳಲ್ಲಿ, ನೂಲುವ ಕೇಂದ್ರಕ್ಕೆ ರಜೆಯಿದ್ದ ಒಂದು ಮಂಗಳವಾರ ಮಧ್ಯಾಹ್ನ ಹೋದೆ. ಮಗಳು ಮಾಳಿಗೆಯ ಮೇಲೆ ಕಾಳು ಚೆಲ್ಲುತ್ತ ಕೂತಿದ್ದಳು.

"ಅಜ್ಜ ಎಲ್ಲಿ?"

"ಸಾಲಿಗೆ ಹೋಗ್ಯಾನ."

"ಮತ್ತ ನೀ?"

"ನಾ ಪಾರಿವಾಳ ಕಾಯಾಕತ್ತೇನಿ. ಸಾಲ್ಯಾಗ ಕಲಿಸಿದ್ದನ್ನ ಅಜ್ಜ ಸಂಜಿಗೆ ಹೇಳ್ತಾನ."

ಅವಳನ್ನು ಎಳೆದುಕೊಂಡು ಶಾಲೆಗೆ ಓಡಿದೆ. ಒಂದನೆಯ ಇಯತ್ತೆಯಲ್ಲಿ, ಚಿಕ್ಕ ಮಕ್ಕಳ ಹಿಂದೆ, ಕೋಟು ಹಾಕಿದ ಕಾಕಾ ಮೊಳಕಾಲು ಮಡಚಿ ಕೂತಿದ್ದ. ಮಾಸ್ತರರು ಮಧ್ಯಾಹ್ನದ ಹಾಜರಿಗೆ ನನ್ನ ಮಗಳ ಹೆಸರು ಕರೆದರು. ಕಾಕಾ ಕೈಯೆತ್ತಿ, "ಹಾಜರ್ ರೀ ಸರ್," ಎಂದ. ಮಕ್ಕಳು ನಕ್ಕರು. ಮಾಸ್ತರರೂ ನಕ್ಕರು.

ಪರ ಗಂಡಸರೆದುರು ಅಲ್ಲಿಯವರೆಗೆ ನಾನು ಬಾಯಿ ಬಿಟ್ಟವಳಲ್ಲ. ಬಾಗಿಲಲ್ಲೇ ನಿಂತು ಹೇಳಿದೆ: "ಸರ್, ಹಾಜರಿ ಹುಡುಗೀದು ಬೇಕ್ರಿ. ಈ ಮುದುಕ ಪಾಸಾದ್ರ ನಮಗೇನ ಬಂತ್ರಿ?"

"ಹಿರ್ಯಾರಂತ ಸುಮ್ನ ಇದ್ದೆ ತಂಗಿ. ಈ ವಾರ ಹಾಜರಿ ಪುಸ್ತಕದಿಂದ ಹುಡುಗೀ ಹೆಸರ ತಗೀಯೂದಿತ್ತು," ಎಂದರು ಮಾಸ್ತರರು, ಏನೋ ಉಪಕಾರ ಮಾಡಿದವರಂತೆ.

ಕಾಕಾನಿಗೆ ನಾಚಿಕೆಯೇ ಇರಲಿಲ್ಲ. "ಈ ಮಾಸ್ತರಗ ಎರಡರ ಮಗ್ಗಿ ಸೈತ ರಾಗದಾಗ ಬರೂದಿಲ್ಲ. ಇಂಥಾದ್ರಾಗ ಹುಡುಗೀನ್ನ ಹೆಂಗ ಕೂಡಸ್ಲಿ?"

ಅದೇ ಸಂಜೆ ಅವಳನ್ನು ಗರಗಕ್ಕೆ ಕರೆತಂದೆ. ದಾರಿಯುದ್ದಕ್ಕೂ ಅಜ್ಜ ಬೇಕು ಎಂದು ಅತ್ತಳು. ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಊರಿನ ಶಾಲೆಗೆ ಹಾಕಿದೆ. ದಿನಾ ಮಧ್ಯಾಹ್ನ ಚರಕ ಬಿಟ್ಟು ಹೋಗಿ, ಅವಳು ತನ್ನ ಜಾಗದಲ್ಲಿ ಇದ್ದಾಳೋ ಎಂದು ಕಿಟಕಿಯಿಂದ ನೋಡಿ ಬರುತ್ತಿದ್ದೆ. ಅವಳು ಎಂ.ಎ. ಪಾಸಾದಾಗ ಕಾಕಾ ಓಣಿಯಲ್ಲಿ ಪೇಢೆ ಹಂಚಿ, "ಬುನಾದಿ ನಂದು," ಎಂದನಂತೆ. ಓಣಿಯವರು ನಂಬಿದರಂತೆ.

ನಿಮ್ಮ ಅವ್ವ ಹೇಳುವ ಕಥೆಯಲ್ಲಿ ನಾನು ಬರುವುದು ಒಂದೇ ಕಡೆ, ಮೋಜು ನಿಲ್ಲಿಸಲು. ಸಿನಿಮಾದಲ್ಲೂ ಅಂಥ ಹೆಂಗಸೊಬ್ಬಳಿದ್ದಳು. ಅವಳು ಬಂದಾಗಲೆಲ್ಲ ನೀವು ಬೈದಿರಿ. ಅವ್ವನ ಮಾರ್ಕ್ಸ್ ಕಾರ್ಡುಗಳನ್ನು ಕಪಾಟಿನ ಫೈಲಿನಲ್ಲಿ ಇಟ್ಟಿದ್ದೇನೆ. ಈ ಹಾಳೆಗಳನ್ನೂ ಅದರಲ್ಲೇ ಸೇರಿಸಿ, ಜೋಪಾನವಾಗಿಡಿ.