ಅತ್ತೆಗೂ ಇದ್ದ ತುರಿಕೆ

ಮದುವೆಯಾಗಿ ಗೊರೇಬಾಳಕ್ಕೆ ಬಂದ ವರ್ಷ ಜೋರು ಕೆಮ್ಮು ಹಿಡಿದು ಆ್ಯಂಟಿಬಯೋಟಿಕ್ ಗುಳಿಗೆ ನುಂಗಿದ್ದೆ. ಕೆಮ್ಮು ಹೋಯಿತು, ಅದರ ಬೆನ್ನಿಗೇ ಕೆಳಗೆ ತುರಿಕೆ ಹತ್ತಿತು. ಒಡೆದ ಹಾಲಿನಂಥ ಬಿಳಿಸೆರಗು, ಮೂತ್ರಕ್ಕೆ ಹೋದರೆ ಉರಿ. ಹೊಲಸಿನಿಂದ ಆಗಿದ್ದಿರಬೇಕೆಂದು ದಿನಾ ವಾಸನೆ ಸೋಪು ಹಚ್ಚಿ ತಿಕ್ಕಿ ತೊಳೆದೆ. ಉರಿ ಇನ್ನಷ್ಟು ಏರಿತು. ಗಂಡನಿಂದ ಏನಾದರೂ ಹತ್ತಿತೋ ಎಂಬ ಸಂಶಯವೂ ಬಂತು. ಕೇಳುವುದು ಹೇಗೆ?

ಅಕ್ಕಿ ಆರಿಸುವಾಗ ನಾನು ಮತ್ತೆ ಮತ್ತೆ ಎದ್ದು ಹೋಗುವುದನ್ನು ಅತ್ತೆ ಕಂಡಳು. ಹೀಟ್ ಆಗಿದೆ ಎಂದು ಮೆಂತ್ಯ ನೆನೆಸಿದ ನೀರು ಕುಡಿಸಿದಳು. ಕಡಿಮೆಯಾಗಲಿಲ್ಲ. ಕಡೆಗೆ ಸೀರೆ ತರಲು ಹೊರಟಿದ್ದೇವೆಂದು ಮನೆಯ ಗಂಡಸರಿಗೆ ಹೇಳಿ, ಆಟೋದಲ್ಲಿ ಸಿಂಧನೂರಿಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಗುಳಿಗೆಯ ವಿಷಯ, ಸೋಪಿನ ವಿಷಯ ಎರಡನ್ನೂ ಕೇಳಿದರು. ಒಳಗೆ ನಮ್ಮನ್ನು ಕಾಯುವ ಒಳ್ಳೆಯ ಕ್ರಿಮಿಗಳಿರುತ್ತವೆ, ಕೆಮ್ಮಿನ ಗುಳಿಗೆ ಅವನ್ನೂ ಕೊಂದಿದ್ದಕ್ಕೆ ಅಲ್ಲೇ ಸ್ವಲ್ಪ ಇದ್ದ ಬೂಷ್ಟು ಬೆಳೆದುಕೊಂಡಿದೆ ಎಂದರು. ಸೋಪು ಅದಕ್ಕೆ ಉರಿ ಕೂಡಿಸಿತ್ತು. ಮೀನಿನ ವಾಸನೆ ಬಂದರೆ ಅದು ಬೇರೆ ರೋಗ, ಗಂಡ ಹೆಂಡತಿ ಇಬ್ಬರೂ ಔಷಧಿ ತಗೊಳ್ಳಬೇಕಾದಂಥವೂ ಇವೆ, ಅಂದಾಜಿನ ಮೇಲೆ ಗುಳಿಗೆ ನುಂಗಬಾರದು ಎಂದೂ ತಿಳಿಸಿದರು.

"ಇದ್ರಾಗ ನಿಂದೂ ತಪ್ಪಿಲ್ಲ, ನಿನ್ನ ಗಂಡಂದೂ ತಪ್ಪಿಲ್ಲವ್ವ. ಒಳಗ ತೊಳೀಬ್ಯಾಡ. ಹೊರಗ ಬರೇ ನೀರು ಸಾಕು."

ಎದೆ ಹಗುರಾಯಿತು. ನಾನು ಎದ್ದೆ. ಅತ್ತೆ ಏಳಲಿಲ್ಲ.

"ನನಗೂ ಐತ್ರಿ," ಅಂದಳು, ನೆಲ ನೋಡುತ್ತ. "ಭಾಳ ದಿನದ್ದು. ವಯಸ್ಸಿಗೆ ಆಗತೈತಿ ಅಂತ ಸುಮ್ಮನಿದ್ದೆ."

ಅವಳನ್ನೂ ನೋಡಿದರು. ಬೆರಳಿನಿಂದ ರಕ್ತ ತೆಗೆದು ಸಕ್ಕರೆ ಪರೀಕ್ಷಿಸಿದರೆ ವಿಪರೀತ ಏರಿತ್ತು. ಸಕ್ಕರೆ ಕಾಯಿಲೆ ಇರುವ ಹೆಂಗಸರಿಗೆ ಈ ಬೂಷ್ಟು ತಿರುತಿರುಗಿ ಬರುತ್ತದಂತೆ. ಅತ್ತೆಗೆ ಕಾಯಿಲೆ ಇರುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ತಿರುಗಿ ಬರುವಾಗ ಆಟೋದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರಮ್ಮ ಕೊಟ್ಟ, ಒಳಗೆ ಇಡುವ ಗುಳಿಗೆಯಿಂದ ನನ್ನದು ಬೇಗ ವಾಸಿಯಾಯಿತು. ಅವಳದಕ್ಕೆ ಹೆಚ್ಚು ದಿನ ಹಿಡಿಯಿತು. ಸಕ್ಕರೆ ಹತೋಟಿಗೆ ಬಂದ ಮೇಲೆಯೇ ತುರಿಕೆ ನಿಂತದ್ದು.

ಮೊನ್ನೆ ಮಸ್ಕಿಯಿಂದ ಅವಳ ತಂಗಿ ಫೋನು ಮಾಡಿ, ಯಾಕೋ ಹೀಟ್ ಆಗಿದೆ ಎಂದು ಮೆಲ್ಲಗೆ ಹೇಳಿಕೊಂಡಳಂತೆ. ಅತ್ತೆ ಮೆಂತ್ಯದ ಮಾತೆತ್ತಲಿಲ್ಲ.

"ಸಕ್ಕರಿ ನೋಡಿಸಿಯೇನ್ಬೇ?" ಎಂದು ಕೇಳಿ, ಮರುದಿನ ಬೆಳಿಗ್ಗೆಯೇ ಮಸ್ಕಿ ಬಸ್ಸು ಹತ್ತಿದಳು.